ಕೈ ಜೋಮು ಹಿಡಿಯುವವರು ಯಾವ ಕೆಲಸ ಆರಿಸಬೇಕು? ಮಣಿಕಟ್ಟಿನ ಲೆಕ್ಕದಲ್ಲಿ ಒಂದು ಹೋಲಿಕೆ

ರಾತ್ರಿ ಎರಡು ಗಂಟೆಗೆ ಕೈ ಜೋಮು ಹಿಡಿದು ಎಚ್ಚರವಾಗುತ್ತದೆ. ಎದ್ದು ಕೂತು ಕೈ ಕೊಡವಿದರೆ ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ. ಮಲಗಿದರೆ ಮತ್ತೆ ಶುರು. ಇದನ್ನು ಅನುಭವಿಸಿದವರಿಗೆ ಜಾಸ್ತಿ ವಿವರಿಸಬೇಕಿಲ್ಲ. ಮಣಿಕಟ್ಟಿನಲ್ಲಿ ನರ ಒತ್ತಿಹೋಗಿ ಬರುವ ಈ ತೊಂದರೆಗೆ ಡಾಕ್ಟರುಗಳು ಕಾರ್ಪಲ್ ಟನಲ್ ಅನ್ನುತ್ತಾರೆ. ಎಂಟು ವರ್ಷ ಹೊಲಿಗೆ ಮಷೀನಿನ ಮುಂದೆ ಕೂತ ನನಗೂ ಹೀಗೇ ಶುರುವಾಯಿತು. ಕೆಲಸ ಬದಲಿಸಬೇಕಾ ಬೇಡವಾ, ಬದಲಿಸಿದರೆ ಯಾವುದಕ್ಕೆ ಹೋಗಬೇಕು ಅಂತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡೆ. ಈಗ ಅದೇ ಪ್ರಶ್ನೆಯನ್ನು ಬೇರೆಯವರು ನನಗೆ ಕೇಳುತ್ತಾರೆ. ಹೊಲಿಗೆ ಬಿಟ್ಟು ಕಂಪ್ಯೂಟರ್ ಕೆಲಸಕ್ಕೆ ಹೋಗಲಾ, ಆದರೆ ಈ ಕಾಯಿಲೆ ಬರುವುದೇ ಕಂಪ್ಯೂಟರ್‌ನಿಂದ ಅಲ್ವಾ? ಪ್ಯಾಕಿಂಗ್‌ನಲ್ಲಿ ಸಂಬಳ ಜಾಸ್ತಿ ಕೊಡುತ್ತಾರಂತೆ, ಸೇರಲಾ? ಪಾರ್ಲರ್ ಕೆಲಸ ಕಲಿಯಲಾ?

ಇದಕ್ಕೆಲ್ಲ ಒಂದೇ ಉತ್ತರ ಇಲ್ಲ. ಆದರೆ ಕೆಲಸದ ಹೆಸರು ಕೇಳಿ ಹೆದರುವುದನ್ನೂ, ಹೆಸರು ಕೇಳಿ ಧೈರ್ಯ ತಂದುಕೊಳ್ಳುವುದನ್ನೂ ಬಿಡಬೇಕು. ಒಂದೇ ಹೆಸರಿನ ಎರಡು ಕೆಲಸಗಳಲ್ಲಿ ಒಂದು ಕೈ ಹಾಳು ಮಾಡಬಹುದು, ಇನ್ನೊಂದು ಏನೂ ಮಾಡದೇ ಇರಬಹುದು. ನೋಡಬೇಕಾದದ್ದು ದಿನವಿಡೀ ನಿಮ್ಮ ಕೈ ಏನು ಮಾಡುತ್ತದೆ, ಎಷ್ಟು ಬಲದಿಂದ ಮಾಡುತ್ತದೆ, ಬೇಕಾದಾಗ ನಿಲ್ಲಿಸುವ ಅಧಿಕಾರ ನಿಮಗೆ ಇದೆಯಾ ಅನ್ನುವುದನ್ನು.

ಮಣಿಕಟ್ಟಿನ ಒಳಗೆ

ಅಂಗೈ ಶುರುವಾಗುವ ಜಾಗದಲ್ಲಿ ಒಂದು ಇಕ್ಕಟ್ಟಾದ ಸುರಂಗ ಇದೆ. ತಳದಲ್ಲಿ, ಅಕ್ಕಪಕ್ಕದಲ್ಲಿ ಮೂಳೆ. ಮೇಲೆ ಗಟ್ಟಿಯಾದ ಒಂದು ಪಟ್ಟಿ. ಇದರೊಳಗೆ ಬೆರಳು ಮಡಚುವ 9 ಟೆಂಡನ್‌ಗಳು ಹಾದುಹೋಗುತ್ತವೆ, ಹಗ್ಗದ ಹುರಿಗಳ ಹಾಗೆ. ಅವುಗಳ ಜೊತೆಯಲ್ಲೇ ಮೀಡಿಯನ್ ನರ. ಸುರಂಗದ ಗೋಡೆ ಹಿಗ್ಗುವುದಿಲ್ಲ. ಹುರಿಗಳ ಸುತ್ತಲಿನ ಪೊರೆ ದಪ್ಪವಾದರೂ, ಮಣಿಕಟ್ಟು ತುಂಬಾ ಬಾಗಿದರೂ, ಏಟು ಬೀಳುವುದು ಒಳಗಿರುವ ಮೆತ್ತನೆಯ ನರಕ್ಕೆ.

1981ರಲ್ಲಿ ಅಮೆರಿಕದ ವೈದ್ಯರು ಈ ಸುರಂಗದೊಳಗೆ ಸಣ್ಣ ಕೊಳವೆ ಇಟ್ಟು ಒತ್ತಡವನ್ನೇ ಅಳೆದರು. ಆರೋಗ್ಯವಾಗಿದ್ದವರಲ್ಲಿ ಕೈ ನೇರವಾಗಿದ್ದಾಗ ಸರಾಸರಿ 2.5 ಮಿಲಿಮೀಟರ್ ಪಾದರಸ, ಬಿಪಿ ಅಳೆಯುವ ಅದೇ ಲೆಕ್ಕ. ಮಣಿಕಟ್ಟನ್ನು ಪೂರ್ತಿ ಬಾಗಿಸಿದಾಗ ಅದು 30ರ ಹತ್ತಿರ ಹೋಯಿತು. ಕಾರ್ಪಲ್ ಟನಲ್ ಇದ್ದವರಲ್ಲಿ ಕೈ ನೇರ ಇದ್ದಾಗಲೇ 32, ಬಾಗಿಸಿದರೆ 90 ದಾಟಿತು. ನಿದ್ದೆಯಲ್ಲಿ ನಾವು ಕೈ ಮಡಚಿಕೊಂಡು ಮಲಗುತ್ತೇವೆ. ನೋವು ರಾತ್ರಿಯೇ ಯಾಕೆ ಎಬ್ಬಿಸುತ್ತದೆ ಅಂತ ನನಗೆ ಅರ್ಥವಾಗಿದ್ದು ಈ ಅಂಕಿಗಳನ್ನು ನೋಡಿದ ಮೇಲೆ.

ಇನ್ನೊಂದು ಗುರುತು ಬೆರಳುಗಳದ್ದು. ಮೀಡಿಯನ್ ನರ ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರಬೆರಳಿನ ಅರ್ಧಕ್ಕೆ ಸ್ಪರ್ಶ ಕೊಡುತ್ತದೆ. ಕಿರುಬೆರಳು ಇದರ ಪಾಲಿಗೆ ಬರುವುದಿಲ್ಲ. ನಿಮಗೆ ಜೋಮು ಹಿಡಿಯುವುದು ಕಿರುಬೆರಳು ಮಾತ್ರ ಆದರೆ ಮೊಣಕೈಯಲ್ಲೋ ಕುತ್ತಿಗೆಯಲ್ಲೋ ಬೇರೆ ತೊಂದರೆ ಇರಬಹುದು, ಮಣಿಕಟ್ಟನ್ನು ನೋಡಿ ಕೆಲಸ ಬಿಟ್ಟು ಉಪಯೋಗ ಇಲ್ಲ.

ಕೆಲಸದ ಮೇಲೆ ತಪ್ಪು ಹೊರಿಸುವ ಮುಂಚೆ ರಕ್ತ ಪರೀಕ್ಷೆಯನ್ನೂ ಮಾಡಿಸಿ. ಸಕ್ಕರೆ ಕಾಯಿಲೆ, ಥೈರಾಯ್ಡ್ ಕಡಿಮೆ ಇರುವುದು, ರುಮಟಾಯ್ಡ್ ಸಂಧಿವಾತ, ಬಸಿರು, ಜಾಸ್ತಿ ಮೈತೂಕ, ಹಿಂದೆ ಯಾವಾಗಲೋ ಮುರಿದು ಕೂಡಿದ ಮಣಿಕಟ್ಟು, ಇವೆಲ್ಲ ಈ ತೊಂದರೆಗೆ ದಾರಿ ಮಾಡುತ್ತವೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಸುಮಾರು ಮೂರು ಪಟ್ಟು ಜಾಸ್ತಿ. ಥೈರಾಯ್ಡ್ ಮಾತ್ರೆಯಿಂದ ಸರಿಹೋಗಬಹುದಾದ ಕೈಗೋಸ್ಕರ ಒಳ್ಳೆಯ ನೌಕರಿ ಬಿಟ್ಟವರನ್ನು ನಾನು ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ.

ಯಾವುದನ್ನು ಅಳೆಯಬೇಕು

ನಾನು ಕೆಲಸಗಳನ್ನು ಹೋಲಿಸುವಾಗ ಐದು ಸಂಗತಿ ನೋಡುತ್ತೇನೆ. ಹಿಡಿತಕ್ಕೆ ಎಷ್ಟು ಬಲ ಬೇಕು. ಅದೇ ಚಲನೆ ಎಷ್ಟು ಸಲ ಬರುತ್ತದೆ. ಆಗ ಮಣಿಕಟ್ಟು ನೇರ ಇರುತ್ತದಾ, ಬಾಗಿರುತ್ತದಾ. ಕೈಯಲ್ಲಿರುವ ಉಪಕರಣ ಅದುರುತ್ತದಾ. ಕೊನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು, ವೇಗ ಯಾರ ಕೈಯಲ್ಲಿದೆ. ಚಳಿ ಮತ್ತು ಸರಿಯಾಗಿ ಕೂರದ ಕೈಗವಸನ್ನು ನಾನು ಬಲದ ಲೆಕ್ಕಕ್ಕೇ ಸೇರಿಸುತ್ತೇನೆ, ಯಾಕೆಂದರೆ ಬೆರಳು ಮರಗಟ್ಟಿದಾಗ ಗೊತ್ತಾಗದ ಹಾಗೆ ನಾವು ಇನ್ನೂ ಬಿಗಿಯಾಗಿ ಹಿಡಿಯುತ್ತೇವೆ.

ಇದರಲ್ಲಿ ಬಲ ಮತ್ತು ಪದೇಪದೇ ಅನ್ನುವುದು ಜೊತೆಗೂಡಿದರೆ ಪರಿಸ್ಥಿತಿ ಬೇರೆಯೇ ಆಗುತ್ತದೆ. 1987ರಲ್ಲಿ ಅಮೆರಿಕದಲ್ಲಿ 652 ಕಾರ್ಖಾನೆ ಕೆಲಸಗಾರರ ಕೈಗಳನ್ನು ಪರೀಕ್ಷಿಸಿದ ಒಂದು ಅಧ್ಯಯನ ಪ್ರಕಟವಾಯಿತು. ಬಲವೂ ಕಡಿಮೆ, ಪುನರಾವರ್ತನೆಯೂ ಕಡಿಮೆ ಇದ್ದ ಕೆಲಸಗಳಿಗೆ ಹೋಲಿಸಿದರೆ, ಎರಡೂ ಜಾಸ್ತಿ ಇದ್ದ ಕೆಲಸಗಳಲ್ಲಿ ಈ ಕಾಯಿಲೆಯ ಸಾಧ್ಯತೆ 15 ಪಟ್ಟು ಮೀರಿತ್ತು. ಯಾವುದಾದರೂ ಒಂದೇ ಇದ್ದ ಕಡೆ ಅಷ್ಟು ದೊಡ್ಡ ಅಂತರ ಕಾಣಲಿಲ್ಲ. ಅಲ್ಲಿ ಪದೇಪದೇ ಅಂದರೆ ಏನು ಅಂತಲೂ ಹೇಳಿದ್ದಾರೆ: ಒಂದು ಸುತ್ತಿನ ಕೆಲಸ 30 ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ಮುಗಿಯಬೇಕು, ಇಲ್ಲವೇ ಸುತ್ತಿನ ಅರ್ಧಕ್ಕಿಂತ ಜಾಸ್ತಿ ಹೊತ್ತು ಒಂದೇ ಥರದ ಚಲನೆ ಇರಬೇಕು.

ಬ್ರಿಟನ್ನಿನ ನಿಯಮವೂ ಅಳತೆಗೋಲಾಗಿ ಉಪಯೋಗಕ್ಕೆ ಬರುತ್ತದೆ. ಅಲ್ಲಿ ಕಾರ್ಪಲ್ ಟನಲ್ ಅನ್ನು ಕೆಲಸದಿಂದ ಬಂದದ್ದು ಅಂತ ಒಪ್ಪಿಕೊಳ್ಳಲು ಎರಡು ದಾರಿ ಇವೆ. ಕೈಯಲ್ಲಿ ಹಿಡಿಯುವ, ಅದುರುವ ಉಪಕರಣ ಬಳಸಿರಬೇಕು. ಇಲ್ಲವೇ 30 ಸೆಕೆಂಡಿಗೆ ಒಮ್ಮೆಯಾದರೂ ಮಣಿಕಟ್ಟು ಮೇಲೆ ಕೆಳಗೆ ಬಾಗಿಸುವ ಕೆಲಸವನ್ನು ವಾರಕ್ಕೆ 20 ಗಂಟೆಯಾದರೂ, ಎರಡು ವರ್ಷದಲ್ಲಿ ಒಟ್ಟು 12 ತಿಂಗಳಾದರೂ ಮಾಡಿರಬೇಕು. ನೀವು ಎಲ್ಲಿಯವರಾದರೂ ಸರಿ, ನಿಮ್ಮ ಕೆಲಸವನ್ನು ಈ ಲೆಕ್ಕಕ್ಕೆ ಹಿಡಿದು ನೋಡಿ.

ಸಾಲಿನಲ್ಲಿ ನಿಂತು ಮಾಡುವ ಕೆಲಸ

ಮಾಂಸ ಕತ್ತರಿಸುವುದು, ಮೀನು ಸ್ವಚ್ಛ ಮಾಡುವುದು, ಜೋಡಣೆ, ಪ್ಯಾಕಿಂಗ್. ಇದನ್ನು ನಾನು ಎಲ್ಲಕ್ಕಿಂತ ಕೆಳಗೆ ಇಡುತ್ತೇನೆ. ಐದರಲ್ಲಿ ನಾಲ್ಕು ಸಂಗತಿ ಇಲ್ಲಿ ಒಟ್ಟಿಗೆ ಕೂಡುತ್ತವೆ. ಕೋಳಿ ಮಾಂಸದ ಘಟಕವನ್ನೇ ನೋಡಿ. ಒಳಗೆ ಚಳಿ, ಕೈಯಲ್ಲಿ ಒದ್ದೆ ಗವಸು, ಮೊಂಡಾಗುತ್ತಾ ಹೋಗುವ ಚಾಕು, ಎದುರಿಗೆ ನಿಲ್ಲದೇ ಬರುವ ಸಾಲು. ಅಮೆರಿಕದ ಕೆಲಸಗಾರರ ಸುರಕ್ಷತೆ ಮತ್ತು ಆರೋಗ್ಯದ ಸಂಸ್ಥೆ ನಿಯೋಶ್ 2014ರಲ್ಲಿ ದಕ್ಷಿಣ ಕೆರೊಲಿನಾದ ಅಂಥ ಒಂದು ಘಟಕದ ವರದಿ ಕೊಟ್ಟಿತು. ಪರೀಕ್ಷೆಗೆ ಬಂದವರಲ್ಲಿ 42 ಶೇಕಡಾ ಜನರಿಗೆ ಕಾರ್ಪಲ್ ಟನಲ್‌ನ ಲಕ್ಷಣ ಇತ್ತು. ನೂರರಲ್ಲಿ ನಲವತ್ತೆರಡು ಜನ.

ಸಾಲಿನ ಕೆಲಸದಲ್ಲೂ ಒಳ್ಳೆಯದು, ಕೆಟ್ಟದ್ದು ಇದೆ. ಗಂಟೆಗೊಂದು ಸಲ ಜಾಗ ಬದಲಿಸುವ ಪದ್ಧತಿ ಇದ್ದರೆ ಪರವಾಗಿಲ್ಲ. ಆದರೆ ಬದಲಾಯಿಸಿ ಕೊಡುವ ಜಾಗದಲ್ಲೂ ಅದೇ ಬೆರಳು, ಅದೇ ಹಿಡಿತ ಇದ್ದರೆ ಬದಲಾವಣೆ ಹೆಸರಿಗೆ ಮಾತ್ರ. ಡಬ್ಬಕ್ಕೆ ಟೇಪ್ ಹಚ್ಚುವವರನ್ನು ಲೇಬಲ್ ಒತ್ತುವ ಕಡೆಗೆ ಕಳಿಸಿದರೆ ಮಣಿಕಟ್ಟಿಗೆ ಏನು ಸಿಕ್ಕಿತು? ತೂಕ ಎತ್ತುವ, ತಳ್ಳುವ, ನಡೆದಾಡುವ ಕೆಲಸ ನಡುವೆ ಬಂದರೆ ಮಾತ್ರ ಅದು ವಿಶ್ರಾಂತಿ. ಸೇರುವ ಮುಂಚೆ ಇದನ್ನೊಂದು ಕೇಳಿ. ಚಾಕು ಎಷ್ಟು ಹೊತ್ತಿಗೊಮ್ಮೆ ಸಾಣೆ ಹಿಡಿಸುತ್ತಾರೆ ಅಂತಲೂ ಕೇಳಿ, ಹರಿತವಿಲ್ಲದ ಚಾಕುವಿಗೆ ಬಲ ಕೊಡುವುದು ನಿಮ್ಮ ಕೈ ತಾನೇ.

ಹೊಲಿಗೆ, ನಾನು ಬಲ್ಲ ಕೆಲಸ

ಶರ್ಟಿನ ತೋಳಿಗೆ ಕಫ್ ಕೂಡಿಸುವುದು ನನ್ನ ಪಾಲಿನ ಕೆಲಸವಾಗಿತ್ತು. ಎಡಗೈ ಹೆಬ್ಬೆರಳು ಮತ್ತು ತೋರುಬೆರಳಿನ ತುದಿಯಲ್ಲಿ ಎರಡು ಪದರ ಬಟ್ಟೆಯನ್ನು ಚಿವುಟಿ ಹಿಡಿಯಬೇಕು. ಬಲಗೈ ಅಂಚನ್ನು ಸೂಜಿಯ ಕಡೆಗೆ ತಿರುಗಿಸುತ್ತಾ ಹೋಗಬೇಕು. ಮೂಲೆಗೆ ಬಂದಾಗ ಮಣಿಕಟ್ಟು ಹೊರಗೆ ತಿರುಚುತ್ತದೆ. ದಾರ ಕತ್ತರಿಸಿ, ಪಕ್ಕಕ್ಕೆ ಎಸೆದು, ಮುಂದಿನದ್ದಕ್ಕೆ ಕೈ ಹಾಕಬೇಕು. ಒಂದು ಕಫ್ಫಿಗೆ ಅರ್ಧ ನಿಮಿಷವೂ ಬೇಡ. ಬಟ್ಟೆ ಹಗುರ, ಬಲ ಎಲ್ಲಿಂದ ಬಂತು ಅಂತ ಕೇಳಬಹುದು. ಬೆರಳ ತುದಿಯಲ್ಲಿ ಚಿವುಟಿ ಹಿಡಿದಾಗ ಇಡೀ ಮುಷ್ಟಿಯ ಬಲದ ಸುಮಾರು ಕಾಲುಭಾಗ ಮಾತ್ರ ಸಿಗುತ್ತದೆ. ಹಾಗಾಗಿ ನೋಡಲು ಸಣ್ಣದಾದ ಹಿಡಿತವೂ ಹುರಿಗಳಿಗೆ ದೊಡ್ಡ ಎಳೆತ. ದಪ್ಪ ಬಟ್ಟೆ ಬಂದ ದಿನ ನನಗೆ ಸಂಜೆಗೇ ಗೊತ್ತಾಗುತ್ತಿತ್ತು, ಮನೆಯಲ್ಲಿ ಬಟನ್ ಬಿಚ್ಚಲೂ ಬೆರಳು ಕೇಳುತ್ತಿರಲಿಲ್ಲ.

ಪೀಸ್ ಲೆಕ್ಕದ ಸಂಬಳ ಇದ್ದ ಕಡೆ ಇನ್ನೂ ಕಷ್ಟ. ನಿಲ್ಲಿಸಿದರೆ ದುಡ್ಡು ಹೋಗುತ್ತದೆ, ಹಾಗಾಗಿ ನಿಲ್ಲಿಸುವುದಿಲ್ಲ. ಬಿಡುವು ಕೊಟ್ಟರೂ ತಗೊಳ್ಳುವುದಿಲ್ಲ. ತಿಂಗಳ ಸಂಬಳ ಸ್ವಲ್ಪ ಕಡಿಮೆ ಇದ್ದರೂ ಕೈಯ ಲೆಕ್ಕದಲ್ಲಿ ಅದೇ ಮೇಲು ಅಂತ ನಾನು ನಂಬುತ್ತೇನೆ.

ಸ್ವಂತ ಟೈಲರಿಂಗ್ ಇದಕ್ಕಿಂತ ಬಹಳ ವಾಸಿ. ಅಳತೆ ತೆಗೆಯುವುದು, ಕತ್ತರಿಸುವುದು, ಹೊಲಿಯುವುದು, ಇಸ್ತ್ರಿ, ಗಿರಾಕಿ ಹತ್ತಿರ ಮಾತು, ಹೀಗೆ ಕೈಯ ಕೆಲಸ ಬದಲಾಗುತ್ತಲೇ ಇರುತ್ತದೆ. ಅಪಾಯ ಇರುವುದು ಕತ್ತರಿಯಲ್ಲಿ. ಭಾರದ, ಮೊಂಡಾದ ಕತ್ತರಿ ಬಿಡಬೇಕು. ಹಬ್ಬ, ಮದುವೆಯ ದಿನಗಳಲ್ಲಿ ರಾತ್ರಿ ಪೂರ್ತಿ ಕೂತರೆ ಸ್ವಂತ ಅಂಗಡಿಯೂ ಕಾರ್ಖಾನೆಯೇ. ಹೊಲಿಗೆ ಬಲ್ಲವರು ಪೂರ್ತಿ ಬಿಡುವ ಮುಂಚೆ ಈ ದಾರಿಯನ್ನು ಯೋಚಿಸಿ ಅನ್ನುತ್ತೇನೆ, ಕಲಿತ ವಿದ್ಯೆಯೂ ಉಳಿಯುತ್ತದೆ.

ಕಂಪ್ಯೂಟರ್ ಕೆಲಸ

ಜನ ಅಂದುಕೊಂಡಷ್ಟು ಇದು ಕೆಟ್ಟದ್ದಲ್ಲ. ಕೀಲಿ ಒತ್ತಲು ಬೇಕಾದ ಬಲ ಬಹಳ ಕಡಿಮೆ. 2001ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನವರು ಜಾಸ್ತಿ ಕಂಪ್ಯೂಟರ್ ಬಳಸುವ ತಮ್ಮದೇ ನೌಕರರನ್ನು ಪರೀಕ್ಷಿಸಿದರು. ಕಾರ್ಪಲ್ ಟನಲ್ ಸಿಕ್ಕ ಪ್ರಮಾಣ ಸಾಮಾನ್ಯ ಜನರಲ್ಲಿ ಇರುವಷ್ಟೇ ಇತ್ತು. 2003ರ ಡೆನ್ಮಾರ್ಕಿನ ದೊಡ್ಡ ಅಧ್ಯಯನದಲ್ಲೂ ಕೀಲಿಮಣೆಯಿಂದ ತೊಂದರೆ ಅನ್ನುವುದಕ್ಕೆ ಆಧಾರ ಸಿಗಲಿಲ್ಲ. ಮೌಸ್ ವಿಷಯದಲ್ಲಿ ಮಾತ್ರ ಸ್ವಲ್ಪ ಎಚ್ಚರಿಕೆ ಇತ್ತು. ವಾರಕ್ಕೆ 20 ಗಂಟೆಗಿಂತ ಜಾಸ್ತಿ ಮೌಸ್ ಹಿಡಿಯುವವರಲ್ಲಿ ಲಕ್ಷಣಗಳು ಜಾಸ್ತಿ ಕಂಡವು.

ಆದ್ದರಿಂದ ಕಂಪ್ಯೂಟರ್ ಕೆಲಸಗಳ ನಡುವೆ ಆರಿಸುವಾಗ ಟೈಪಿಂಗ್ ಎಷ್ಟು ಅಂತ ಕೇಳುವುದಕ್ಕಿಂತ ಮೌಸ್ ಎಷ್ಟು ಅಂತ ಕೇಳಿ. ಡಿಸೈನ್, ನಕ್ಷೆ ಬಿಡಿಸುವುದು, ವಿಡಿಯೋ ಎಡಿಟಿಂಗ್‌ನಲ್ಲಿ ಮೌಸ್ ಕೈ ಬಿಡುವುದೇ ಇಲ್ಲ. ಬರವಣಿಗೆ, ಲೆಕ್ಕಪತ್ರ, ಫೋನಿನಲ್ಲಿ ಗಿರಾಕಿಗಳ ಹತ್ತಿರ ಮಾತಾಡುತ್ತಾ ದಾಖಲಿಸುವ ಕೆಲಸಗಳಲ್ಲಿ ಅಷ್ಟಿಲ್ಲ. ಮೇಜಿನ ಅಂಚಿಗೆ ಮಣಿಕಟ್ಟು ಒತ್ತಿಕೊಂಡು ಕೂರುವ ಅಭ್ಯಾಸ ಬಿಡಬೇಕು, ಒತ್ತು ಬೀಳುವುದು ಸರಿಯಾಗಿ ಆ ಸುರಂಗದ ಮೇಲೆಯೇ. ಕೀಲಿಮಣೆಯ ಹಿಂದಿನ ಕಾಲು ಎತ್ತಿಟ್ಟರೆ ಮಣಿಕಟ್ಟು ಮೇಲಕ್ಕೆ ಬಾಗುತ್ತದೆ, ಮಡಚಿಡಿ.

ಕುತ್ತಿಗೆ, ಭುಜ, ಕಣ್ಣು ಇವು ಕಂಪ್ಯೂಟರ್ ಕೆಲಸದಲ್ಲಿ ನೋಯುತ್ತವೆ, ಅದು ನಿಜ. ಕೈ ಉಳಿಸಲು ಹೋಗಿ ಕುತ್ತಿಗೆ ಕೊಡುವ ವ್ಯಾಪಾರ ನಿಮಗೆ ಒಪ್ಪಿಗೆಯಾ ಅಂತ ಯೋಚಿಸಬೇಕು. ನಾನು ಒಪ್ಪಿಕೊಂಡೆ. ಈಗ ಬಿಲ್ಲಿಂಗ್ ಕೆಲಸ ಮಾಡುತ್ತೇನೆ, ರಾತ್ರಿ ನಿದ್ದೆ ಬರುತ್ತದೆ.

ಅದುರುವ ಯಂತ್ರ ಹಿಡಿಯುವ ಕೆಲಸ

ಕಾಂಕ್ರೀಟ್ ಒಡೆಯುವ ಬ್ರೇಕರ್, ಗ್ರೈಂಡರ್, ಮರ ಕೊಯ್ಯುವ ಚೈನ್ ಗರಗಸ, ಡ್ರಿಲ್. ಅದುರಾಟ ನರಕ್ಕೂ ರಕ್ತನಾಳಕ್ಕೂ ನೇರವಾಗಿ ಕೆಡುಕು ಮಾಡುತ್ತದೆ. ಅದುರುವ ವಸ್ತುವನ್ನು ಬಿಗಿಯಾಗಿ ಹಿಡಿಯದೇ ಇರಲೂ ಆಗುವುದಿಲ್ಲ. ಯೂರೋಪ್ ಒಕ್ಕೂಟ 2002ರಲ್ಲಿ ಕೈಗೆ ತಾಗುವ ಅದುರಾಟಕ್ಕೆ ಮಿತಿ ಹಾಕಿತು. 8 ಗಂಟೆಯ ದಿನದ ಲೆಕ್ಕದಲ್ಲಿ 2.5 ಮೀಟರ್ ಪ್ರತಿ ಸೆಕೆಂಡ್ ವರ್ಗ ಮುಟ್ಟಿದರೆ ಮಾಲೀಕ ಕ್ರಮ ಕೈಗೊಳ್ಳಬೇಕು, 5 ಮೀರಲೇಬಾರದು. ಒಳ್ಳೆಯ ಯಂತ್ರಗಳ ಕೈಪಿಡಿಯಲ್ಲಿ ಅದುರಾಟದ ಅಂಕಿ ಬರೆದಿರುತ್ತದೆ. ಹೊಸ ಗ್ರೈಂಡರ್ ಕೊಳ್ಳುವವರು ವ್ಯಾಟ್ ನೋಡುವ ಹಾಗೆ ಅದನ್ನೂ ನೋಡಲಿ ಅನ್ನುವುದು ನನ್ನ ಆಸೆ.

ಕಟ್ಟಡದ ಕೆಲಸದಲ್ಲೇ ಇರಬೇಕು ಅನ್ನುವವರಿಗೆ ಆಯ್ಕೆ ಇದೆ. ಯಂತ್ರ ಹಿಡಿಯುವುದಕ್ಕಿಂತ ಅಳತೆ, ಸೆಂಟ್ರಿಂಗ್, ಮೇಲ್ವಿಚಾರಣೆ ಒಳ್ಳೆಯದು. ಕಂಬಿ ಕಟ್ಟುವ ಕೆಲಸ ಮಾತ್ರ ಬೇಡ. ಇಕ್ಕಳದಲ್ಲಿ ತಂತಿ ಹಿಡಿದು ಒಂದೇ ಸಮನೆ ತಿರುಚುವುದರಲ್ಲಿ ಬಲ, ಬಾಗು, ಪುನರಾವರ್ತನೆ ಮೂರೂ ಇವೆ.

ಪಾರ್ಲರ್, ಹಲ್ಲಿನ ಕ್ಲಿನಿಕ್, ಅಡುಗೆ ಮನೆ

ಕೂದಲು ಕತ್ತರಿಸುವವರು ಮತ್ತು ಹಲ್ಲು ಸ್ವಚ್ಛ ಮಾಡುವವರ ತೊಂದರೆ ಒಂದೇ ಥರದ್ದು. ಸಣ್ಣ ಉಪಕರಣ, ಚಿವುಟು ಹಿಡಿತ, ಬಾಗಿದ ಮಣಿಕಟ್ಟು. ಹಲ್ಲಿನ ಕೆಲಸದಲ್ಲಿ ಸಣ್ಣ ಅದುರಾಟವೂ ಸೇರುತ್ತದೆ. ಆದರೆ ಪಾರ್ಲರಿನಲ್ಲಿ ದಿನವಿಡೀ ಒಂದೇ ಕೆಲಸ ಇರುವುದಿಲ್ಲ, ತಲೆ ತೊಳೆಯುವುದು, ಬಣ್ಣ ಹಚ್ಚುವುದು, ಕತ್ತರಿಸುವುದು ಬದಲಾಗುತ್ತದೆ. ಮಸಾಜ್ ಮತ್ತು ಥ್ರೆಡ್ಡಿಂಗ್ ಮಾತ್ರ ಮಾಡಲು ಇಟ್ಟುಕೊಂಡರೆ ಒಪ್ಪಬೇಡಿ.

ಅಡುಗೆಯಲ್ಲಿ ಅಪಾಯ ಇರುವುದು ತರಕಾರಿ ಹೆಚ್ಚುವ ಜಾಗದಲ್ಲಿ. ಇಡೀ ಬೆಳಿಗ್ಗೆ ಈರುಳ್ಳಿ ಹೆಚ್ಚುವವರ ಕೈಗೂ ಒಲೆ ಮುಂದೆ ನಿಂತವರ ಕೈಗೂ ಬಹಳ ವ್ಯತ್ಯಾಸ. ಭಾರದ ಬಾಣಲೆಯನ್ನು ಒಂದೇ ಕೈಯಲ್ಲಿ ಎತ್ತಿ ಕುಲುಕುವುದು ಇನ್ನೊಂದು ಶತ್ರು. ಸ್ವಚ್ಛತೆಯ ಕೆಲಸದಲ್ಲಿ ಒದ್ದೆ ಬಟ್ಟೆ ಹಿಂಡುವುದೇ ಕೈ ಕೆಡಿಸುತ್ತದೆ. ಒತ್ತಿ ನೀರು ತೆಗೆಯುವ ಬಕೆಟ್ ಇರುವ ಕಡೆ ಆ ಭಾಗ ಪೂರ್ತಿ ಹೋಗುತ್ತದೆ.

ಡ್ರೈವಿಂಗ್, ಪಾಠ ಹೇಳುವುದು, ಅಂಗಡಿಯಲ್ಲಿ ನಿಂತು ಮಾರುವುದು, ಇವು ಮಣಿಕಟ್ಟಿಗೆ ಹಗುರ. ಸ್ಟೀರಿಂಗ್ ಸುಮ್ನೆ ಬಿಗಿಯಾಗಿ ಹಿಡಿಯುವ ಅಭ್ಯಾಸ ಇದ್ದವರಿಗೆ ದೂರದ ದಾರಿಯಲ್ಲಿ ಜೋಮು ಬರಬಹುದು, ಹಿಡಿತ ಸಡಿಲಿಸಿದರೆ ಸಾಕಾಗುತ್ತದೆ.

ಹಾಗಾದರೆ ನೀವು?

ಇನ್ನೂ ಜೋಮು ಶುರುವಾಗಿಲ್ಲ, ವಯಸ್ಸು ಚಿಕ್ಕದು, ದುಡ್ಡು ಬೇಕು ಅನ್ನುವವರು ಸಾಲಿನ ಕೆಲಸಕ್ಕೆ ಹೋಗಲೇಬಾರದು ಅಂತ ಹೇಳಲಾರೆ. ಹೋಗಿ, ಆದರೆ ಗಡುವು ಇಟ್ಟುಕೊಂಡು ಹೋಗಿ. ಒಂದೆರಡು ವರ್ಷದಲ್ಲಿ ಮೇಲ್ವಿಚಾರಣೆಗೋ ಗುಣಮಟ್ಟ ಪರೀಕ್ಷೆಗೋ ಹೋಗುವ ದಾರಿ ಇರುವ ಜಾಗ ಆರಿಸಿ.

ಸಕ್ಕರೆ ಕಾಯಿಲೆ, ಥೈರಾಯ್ಡ್ ಇರುವವರು, ಬಸುರಿಯರು ಜಾಸ್ತಿ ಸಂಬಳದ ಆಸೆಗೆ ಬಲ ಮತ್ತು ವೇಗ ಸೇರಿದ ಕೆಲಸ ಹಿಡಿಯಬೇಡಿ. ನಿಮ್ಮ ನರ ಆಗಲೇ ಸೂಕ್ಷ್ಮ. ಬಸುರಿನಲ್ಲಿ ಬಂದದ್ದು ಹೆರಿಗೆ ಆದ ಮೇಲೆ ಎಷ್ಟೋ ಜನರಲ್ಲಿ ತಾನಾಗಿಯೇ ಇಳಿಯುತ್ತದೆ, ಆದ್ದರಿಂದ ಅಷ್ಟು ತಿಂಗಳು ಹಗುರ ಕೆಲಸ ಕೇಳಿ ಪಡೆಯುವುದು ಕೆಲಸ ಬಿಡುವುದಕ್ಕಿಂತ ಜಾಣತನ.

ಜೋಮು ಶುರುವಾಗಿದೆ, ಕೆಲಸ ಬಿಡುವ ಹಾಗಿಲ್ಲ ಅನ್ನುವವರೇ ಜಾಸ್ತಿ. ಅವರು ಕೈಯಲ್ಲಿರುವ ಮೊದಲ ದುಡ್ಡನ್ನು ರಾತ್ರಿ ಕಟ್ಟಿಕೊಳ್ಳುವ ಮಣಿಕಟ್ಟಿನ ಸ್ಪ್ಲಿಂಟ್‌ಗೆ ಹಾಕಲಿ. ಮಣಿಕಟ್ಟನ್ನು ನೇರ ಇಡುವಂಥದ್ದು ಇರಬೇಕು, ಮೇಲಕ್ಕೆ ಬಾಗಿಸುವಂಥದ್ದು ಬೇಡ. ಆರು ವಾರ ಬಿಡದೆ ಕಟ್ಟಿ ನೋಡಿ. ಎರಡನೆಯ ದುಡ್ಡು ದಿನವೂ ಹಿಡಿಯುವ ಉಪಕರಣಕ್ಕೆ. ಹರಿತವಾದ ಕತ್ತರಿ, ಅಂಗೈ ನಡುವೆ ಚುಚ್ಚದಷ್ಟು ಉದ್ದದ ಹಿಡಿ ಇರುವ ಇಕ್ಕಳ, ಕೈಗೆ ಸರಿಯಾದ ಅಳತೆಯ ಗವಸು. ದುಬಾರಿ ಕುರ್ಚಿ, ವಿಶೇಷ ಮೌಸ್ ಆಮೇಲೆ ಇರಲಿ.

ಆರು ವಾರವಾದರೂ ರಾತ್ರಿ ಎಚ್ಚರವಾಗುತ್ತಿದ್ದರೆ ನರದ ವೇಗ ಅಳೆಯುವ ಪರೀಕ್ಷೆ ಮಾಡಿಸಿ. ಇಂಜೆಕ್ಷನ್ ಇದೆ, ಆ ಗಟ್ಟಿ ಪಟ್ಟಿಯನ್ನು ಬಿಡಿಸಿ ಒತ್ತಡ ಇಳಿಸುವ ಆಪರೇಷನ್ ಇದೆ. ಆಪರೇಷನ್ ಆದವರು ಬರವಣಿಗೆಯಂಥ ಕೆಲಸಕ್ಕೆ ಬೇಗ ಮರಳಬಹುದು, ಬಲ ಬೇಕಾದ ಕೆಲಸಕ್ಕೆ ವಾರಗಟ್ಟಲೆ ಕಾಯಬೇಕು. ಅಷ್ಟು ದಿನದ ಸಂಬಳದ ಲೆಕ್ಕವನ್ನೂ ಮುಂಚೆಯೇ ಹಾಕಿಕೊಳ್ಳಿ.

ಹೊಸ ಕೆಲಸ ಒಪ್ಪುವ ಮುಂಚೆ ಅರ್ಧ ದಿನ ಅಲ್ಲಿ ನಿಂತು ನೋಡಲು ಕೇಳಿ. ಈಗ ಆ ಕೆಲಸ ಮಾಡುತ್ತಿರುವವರ ಕೈ ನೋಡಿ, ಗಡಿಯಾರ ನೋಡಿ. 30 ಸೆಕೆಂಡಿನಲ್ಲಿ ಅದೇ ಹಿಡಿತ ಎಷ್ಟು ಸಲ ಬಂತು ಎಣಿಸಿ. ಸೇರಿದ ಮೇಲೆ ಮೊದಲ ತಿಂಗಳು ಒಂದು ಸಣ್ಣ ಪುಸ್ತಕದಲ್ಲಿ ಬರೆಯಿರಿ: ನಿನ್ನೆ ರಾತ್ರಿ ಎಚ್ಚರವಾಯಿತಾ, ಯಾವ ಬೆರಳು, ಹಿಂದಿನ ದಿನ ಏನು ಕೆಲಸ. ಹೆಬ್ಬೆರಳ ಬುಡದ ಮಾಂಸ ಇನ್ನೊಂದು ಕೈಗಿಂತ ತಗ್ಗಾಗಿ ಕಂಡರೆ, ಲೋಟ ಕೈಯಿಂದ ಜಾರತೊಡಗಿದರೆ, ಹಗಲಿನಲ್ಲೂ ಜೋಮು ಬಿಡದಿದ್ದರೆ, ಪುಸ್ತಕ ತುಂಬುವವರೆಗೆ ಕಾಯಬೇಡಿ. ಅದೇ ವಾರ ಡಾಕ್ಟರ ಹತ್ತಿರ ಹೋಗಿ, ಹೋಗುವಾಗ ಆ ಪುಸ್ತಕವನ್ನೂ ತಗೊಂಡು ಹೋಗಿ.